‘ನಮ್ಮ ಬೈಬಲ್ ನಿಜಾನಾ?’ ಎಂದು ಮಗು ಕೇಳಿದಾಗ

ಸಂಡೇ ಸ್ಕೂಲ್ ಶಿಕ್ಷಕರ ಹತ್ತಿರ, ಸಭಾಪಾಲಕರ ಹತ್ತಿರ ತಂದೆತಾಯಂದಿರು ಹೇಳಿಕೊಳ್ಳುವ ಕಷ್ಟಗಳಲ್ಲಿ ಒಂದು ಪದೇ ಪದೇ ಕೇಳಿಬರುತ್ತದೆ: ‘ಮಗ ಬೈಬಲ್ ಬಗ್ಗೆ ಏನೇನೋ ಕೇಳ್ತಾನೆ, ಏನು ಹೇಳಬೇಕೋ ತಿಳಿಯಲ್ಲ.’ ಕೆಲವರು ಗದರಿಸಿ ಸುಮ್ಮನಾಗಿಸುತ್ತಾರೆ. ಕೆಲವರು ಎದುರಾಳಿಯ ಬಾಯಿ ಮುಚ್ಚಿಸುವಂಥ ಯೂಟ್ಯೂಬ್ ವಿಡಿಯೊ ಹುಡುಕಿ ತೋರಿಸುತ್ತಾರೆ. ಇನ್ನು ಕೆಲವರು ‘ಎಲ್ಲ ದೇವರೂ ಒಂದೇ, ತಲೆ ಕೆಡಿಸ್ಕೋಬೇಡ’ ಎಂದು ಮಾತು ಮುಗಿಸುತ್ತಾರೆ. ದಾರಿ ಯಾವುದಾದರೂ ಮಗುವಿಗೆ ಸಿಗುವ ಪಾಠ ಒಂದೇ: ಈ ಪ್ರಶ್ನೆಯನ್ನು ಈ ಮನೆಯಲ್ಲಿ ಕೇಳಬಾರದು. ಮುಂದಿನ ಸಲ ಅದು ಫೋನನ್ನು ಕೇಳುತ್ತದೆ.

ಕರ್ನಾಟಕದ ಕ್ರೈಸ್ತ ಮಗುವಿಗೆ ಈ ಪ್ರಶ್ನೆ ಬಾರದಿದ್ದರೇ ಆಶ್ಚರ್ಯ. ಸಂಕ್ರಾಂತಿಗೆ ಪಕ್ಕದ ಮನೆಯಿಂದ ಎಳ್ಳು-ಬೆಲ್ಲ ಬರುತ್ತದೆ, ರಂಜಾನಿಗೆ ಗೆಳೆಯನ ಮನೆಯ ಊಟಕ್ಕೆ ಕರೆ ಬರುತ್ತದೆ, ಕನ್ನಡ ಪಾಠದಲ್ಲಿ ಬಸವಣ್ಣನವರ ವಚನ ಕಂಠಪಾಠವಾಗುತ್ತದೆ, ಭಾನುವಾರ ಸತ್ಯವೇದ ಓದಿಸಲಾಗುತ್ತದೆ. ಸುತ್ತಲಿನವರೆಲ್ಲ ಒಳ್ಳೆಯವರು, ಆದರೆ ದೇವರ ಬಗ್ಗೆ ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ. ಹೀಗಿರುವಾಗ ‘ನಮ್ಮದು ನಿಜ ಅಂತ ಹೇಗೆ ಗೊತ್ತು?’ ಎಂದು ಕೇಳುವ ಮಗು ದಾರಿ ತಪ್ಪಿಲ್ಲ. ಅದು ಯೋಚನೆ ಮಾಡಲು ಶುರುಮಾಡಿದೆ.

ಈ ಲೇಖನ ಹೇಳುವುದು ಇಷ್ಟೇ. ಸಿದ್ಧ ಉತ್ತರಗಳನ್ನು ಬಾಯಿಪಾಠ ಮಾಡಿಸುವ ಮೊದಲು ಗ್ರಂಥವನ್ನು ಪ್ರಾಮಾಣಿಕವಾಗಿ ಓದುವ ಕ್ರಮವನ್ನು ಮಗುವಿಗೆ ಕಲಿಸಿ. ಬೈಬಲಿನ ಸತ್ಯ ಏನೆಂಬುದು ಅಂಥ ಓದಿನ ಜೊತೆಗೇ ತೆರೆದುಕೊಳ್ಳುತ್ತದೆ. ತಂದೆತಾಯಿ ಆ ಗ್ರಂಥದ ಬಗ್ಗೆ ಸುಳ್ಳಾಡುವುದಿಲ್ಲ ಎಂದು ಕಂಡುಕೊಂಡ ಮಗು ದೊಡ್ಡದಾದ ಮೇಲೂ ಅದನ್ನು ತೆರೆದು ನೋಡುತ್ತದೆ.

ಪ್ರಶ್ನೆಯೊಳಗಿನ ಪ್ರಶ್ನೆ

‘ಇದೆಲ್ಲ ನಿಜಾನಾ?’ ಎಂಬ ಮಾತಿನ ಹಿಂದೆ ಸಾಮಾನ್ಯವಾಗಿ ಮೂರು ಬಗೆಯ ಪ್ರಶ್ನೆಗಳಿರುತ್ತವೆ. ಒಂದು ಮಾಹಿತಿಯದು: ನೋಹನ ಕಾಲದಲ್ಲಿ ಇಡೀ ಭೂಮಿ ಮುಳುಗಿತ್ತಾ? ಇನ್ನೊಂದು ನ್ಯಾಯದ್ದು: ಯೇಸುವನ್ನು ನಂಬದ ನನ್ನ ಗೆಳತಿ ಅಷ್ಟು ಒಳ್ಳೆಯವಳು, ಅವಳ ಗತಿ ಏನು? ಮತ್ತೊಂದು ಭಯದ್ದು: ನನಗೆ ಸಂದೇಹ ಬಂದಿದೆ ಎಂದರೆ ಅಮ್ಮ ನನ್ನನ್ನು ಮೊದಲಿನ ಹಾಗೇ ನೋಡ್ತಾಳಾ?

ಭಯದ ಪ್ರಶ್ನೆಗೆ ಮಾಹಿತಿಯ ಉತ್ತರ ಕೊಟ್ಟರೆ ಮಗುವಿಗೆ ಏನೂ ಸಿಕ್ಕಂತಾಗುವುದಿಲ್ಲ. ಹಾಗಾಗಿ ಉತ್ತರಕ್ಕೆ ಆತುರ ಬೇಡ. ‘ಇದು ನಿನಗೆ ಯಾವಾಗ ಹೊಳೀತು? ಯಾರಾದ್ರೂ ಏನಾದ್ರೂ ಅಂದ್ರಾ?’ ಎಂದು ಕೇಳಿ. ಶಾಲೆಯಲ್ಲಿ ಯಾರೋ ಚುಡಾಯಿಸಿರಬಹುದು. ವಿಜ್ಞಾನದ ಪಾಠದಲ್ಲಿ ವಿಕಾಸವಾದ ಬಂದಿರಬಹುದು. ಅಜ್ಜಿಗಾಗಿ ಅಷ್ಟು ಪ್ರಾರ್ಥಿಸಿದರೂ ಅವರು ತೀರಿಕೊಂಡಿರಬಹುದು. ಪ್ರತಿಯೊಂದಕ್ಕೂ ಮಾತಾಡಬೇಕಾದ ಬಗೆ ಬೇರೆ.

ಪ್ರಶ್ನೆ ಕೇಳುವುದು ಅವಿಶ್ವಾಸ ಎಂದು ಭಾವಿಸುವ ತಂದೆತಾಯಂದಿರು ಯೋಬನ ಗ್ರಂಥವನ್ನು ಇನ್ನೊಮ್ಮೆ ಓದಬೇಕು. ಕಷ್ಟದಲ್ಲಿದ್ದ ಯೋಬ ದೇವರನ್ನೇ ಕಟಕಟೆಗೆ ಕರೆಯುತ್ತಾನೆ. ಅವನ ಮೂವರು ಸ್ನೇಹಿತರ ಬಳಿ ಎಲ್ಲದಕ್ಕೂ ಶಾಸ್ತ್ರೋಕ್ತ ಉತ್ತರಗಳಿವೆ. ಕೊನೆಯಲ್ಲಿ ದೇವರು ಸಿಟ್ಟಾಗುವುದು ಆ ಸ್ನೇಹಿತರ ಮೇಲೆ. ಸರಿಯಾಗಿ ಮಾತಾಡಿದವನು ಯೋಬ ಎಂಬ ತೀರ್ಪು ಬರುತ್ತದೆ. ಅಪೊಸ್ತಲರ ಕೃತ್ಯಗಳ ಹದಿನೇಳನೆಯ ಅಧ್ಯಾಯದಲ್ಲಿ ಬೆರೋಯ ಎಂಬ ಊರಿನ ಜನ ಬರುತ್ತಾರೆ. ಪೌಲ ಹೇಳಿದ್ದನ್ನು ಅವರು ಹಾಗೇ ಒಪ್ಪಿಕೊಳ್ಳದೆ, ದಿನವೂ ಧರ್ಮಗ್ರಂಥ ತೆರೆದು ಅದು ನಿಜವೇ ಎಂದು ಪರೀಕ್ಷಿಸಿದರು. ಅದಕ್ಕಾಗಿ ಲೇಖಕ ಅವರನ್ನು ಹೊಗಳುತ್ತಾನೆ. ಪರೀಕ್ಷಿಸಿ ನೋಡುವ ಮಗು ಬೈಬಲಿನ ಹೊರಗಿನಿಂದ ಬಂದ ಚಾಳಿಯನ್ನೇನೂ ಕಲಿತಿಲ್ಲ.

ಯಾವ ಬಗೆಯ ಬರಹ ಎಂದು ಮೊದಲು ನೋಡಿ

ಬೈಬಲನ್ನು ಒಬ್ಬರೇ ಕೂತು ಒಂದೇ ಸಲ ಬರೆದದ್ದಲ್ಲ ಎಂಬುದು ದೊಡ್ಡವರಿಗೆ ಗೊತ್ತಿದ್ದರೂ ಮಕ್ಕಳಿಗೆ ಹೇಳಲು ಮರೆಯುತ್ತೇವೆ. ಪ್ರೊಟೆಸ್ಟೆಂಟ್ ಮನೆಗಳಲ್ಲಿರುವ ಬೈಬಲಿನಲ್ಲಿ 66 ಪುಸ್ತಕಗಳು, ಕಥೋಲಿಕರ ಬೈಬಲಿನಲ್ಲಿ 73. ಹಳೆ ಒಡಂಬಡಿಕೆಯ ಬಹುಭಾಗ ಹೀಬ್ರೂವಿನಲ್ಲಿ, ಕೆಲವು ಭಾಗ ಅರಾಮಿಕ್‌ನಲ್ಲಿ, ಹೊಸ ಒಡಂಬಡಿಕೆ ಗ್ರೀಕ್‌ನಲ್ಲಿ ರಚನೆಯಾದವು. ಬರೆದವರ ನಡುವೆ ಶತಮಾನಗಳ ಅಂತರವಿದೆ. ಅವುಗಳಲ್ಲಿ ಕಾನೂನಿದೆ, ರಾಜರ ಚರಿತ್ರೆಯಿದೆ, ಹಾಡಿದೆ, ಗಾದೆಯಿದೆ, ಕಾಗದಗಳಿವೆ, ಸಂಕೇತಗಳಿಂದ ತುಂಬಿದ ದರ್ಶನಗಳಿವೆ.

ಮನೆಗೆ ಬರುವ ದಿನಪತ್ರಿಕೆಯನ್ನು ಮಗುವಿನ ಮುಂದೆ ಬಿಡಿಸಿಟ್ಟು ಇದನ್ನು ವಿವರಿಸಬಹುದು. ಅದರಲ್ಲಿ ಸುದ್ದಿ, ಸಂಪಾದಕೀಯ, ವ್ಯಂಗ್ಯಚಿತ್ರ, ಶ್ರದ್ಧಾಂಜಲಿ, ಹವಾಮಾನ ವರದಿ ಎಲ್ಲವೂ ಇವೆ. ವ್ಯಂಗ್ಯಚಿತ್ರದಲ್ಲಿ ಮಂತ್ರಿಯ ಮೂಗು ಮೊಳ ಉದ್ದ ಇದ್ದರೆ ಪತ್ರಿಕೆ ಸುಳ್ಳು ಹೇಳಿತು ಎಂದು ಯಾರೂ ದೂರುವುದಿಲ್ಲ. ಹವಾಮಾನ ವರದಿಯನ್ನು ಕವಿತೆಯಂತೆ ಓದುವುದೂ ಇಲ್ಲ.

ಬೈಬಲಿನಲ್ಲೂ ಹಾಗೆಯೇ. ಒಳ್ಳೆಯ ಸಮಾರ್ಯದವನ ಕಥೆ ಕೇಳಿದ ಮೇಲೆ ‘ಅವನ ಹೆಸರೇನು, ಆ ಛತ್ರ ಎಲ್ಲಿತ್ತು?’ ಎಂದು ತನಿಖೆ ಮಾಡುವವರಿಲ್ಲ. ಅದು ಸಾಮ್ಯ, ನೆರೆಯವನು ಯಾರು ಎಂಬ ಪ್ರಶ್ನೆಗೆ ಯೇಸು ಕೊಟ್ಟ ಉತ್ತರ. ಕೀರ್ತನೆಗಳಲ್ಲಿ ಬೆಟ್ಟಗಳು ಕುಣಿದರೆ ಅದು ಕಾವ್ಯ. ಆದರೆ ಯೇಸು ಶಿಲುಬೆಗೇರಿ ಸತ್ತು ಎದ್ದನೆಂಬ ಮಾತನ್ನು ಹೊಸ ಒಡಂಬಡಿಕೆ ಬರಿಯ ಸಂಕೇತವಾಗಿ ಹೇಳುವುದಿಲ್ಲ. ಅದು ನಡೆಯದಿದ್ದರೆ ನಮ್ಮ ನಂಬಿಕೆಯೇ ವ್ಯರ್ಥ ಎಂದು ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿನೈದನೆಯ ಅಧ್ಯಾಯದಲ್ಲಿ ವಾದಿಸುತ್ತಾನೆ. ಎಲ್ಲವನ್ನೂ ಅಕ್ಷರಶಃ ಓದುವುದೂ ಎಲ್ಲವನ್ನೂ ಕಥೆ ಎಂದು ತಳ್ಳಿಹಾಕುವುದೂ ಓದಿನ ಸೋಮಾರಿತನವೇ.

ಆದಿಕಾಂಡದ ಸೃಷ್ಟಿಯ ವಿಷಯದಲ್ಲಿ ಸಭೆಗಳ ನಡುವೆ ಭಿನ್ನಾಭಿಪ್ರಾಯವಿದೆ. ಆರು ದಿನ ಎಂದರೆ ಆರು ದಿನವೇ ಎನ್ನುವವರಿದ್ದಾರೆ. ಸೃಷ್ಟಿಗೆ ಒಬ್ಬ ಕರ್ತನಿದ್ದಾನೆ, ಅದು ಒಳ್ಳೆಯದು, ಸೂರ್ಯಚಂದ್ರರು ದೇವರುಗಳಲ್ಲ ಎಂಬುದು ಆ ಅಧ್ಯಾಯದ ತಿರುಳು ಎನ್ನುವವರೂ ಇದ್ದಾರೆ. ಎರಡನೆಯ ಓದು ವಿಜ್ಞಾನಕ್ಕೆ ಹೆದರಿ ನಿನ್ನೆ ಹುಟ್ಟಿದ್ದಲ್ಲ. 5ನೇ ಶತಮಾನದ ಆರಂಭದಲ್ಲಿಯೇ ಸಂತ ಅಗಸ್ಟಿನ್ ಆದಿಕಾಂಡದ ಮೇಲೆ ದೊಡ್ಡ ವ್ಯಾಖ್ಯಾನ ಬರೆದು, ಆಕಾಶಕಾಯಗಳ ಬಗ್ಗೆ ತಿಳಿದವರ ಮುಂದೆ ಕ್ರೈಸ್ತರು ಧರ್ಮಗ್ರಂಥದ ಹೆಸರಿನಲ್ಲಿ ಅಸಂಬದ್ಧ ಮಾತಾಡಿದರೆ ಗ್ರಂಥಕ್ಕೇ ಅವಮಾನ ಎಂದು ಎಚ್ಚರಿಸಿದ್ದರು. ವಿಶ್ವ ಹಿಗ್ಗುತ್ತಿದೆ ಎಂಬ ಸಿದ್ಧಾಂತವನ್ನು 1927ರಲ್ಲಿ ಮಂಡಿಸಿದ ಜಾರ್ಜ್ ಲೆಮೇತ್ರ್ ಬೆಲ್ಜಿಯಂನ ಕಥೋಲಿಕ ಪಾದ್ರಿ. ನಿಮ್ಮ ಸಭೆಯ ನಿಲುವು ಯಾವುದೇ ಇರಲಿ, ‘ಪ್ರಾಮಾಣಿಕ ಕ್ರೈಸ್ತರು ಇದನ್ನು ಬೇರೆ ಬೇರೆ ರೀತಿ ಓದಿದ್ದಾರೆ’ ಎಂಬ ಸಂಗತಿಯನ್ನೂ ಮಗುವಿಗೆ ತಿಳಿಸಿ. ಇಲ್ಲವಾದರೆ ಜೀವಶಾಸ್ತ್ರ ಪುಸ್ತಕ ತೆರೆದ ದಿನ ಅದು ಎರಡರಲ್ಲಿ ಒಂದನ್ನು ಎಸೆಯಬೇಕಾದೀತು.

ನಾಲ್ವರು ಹೇಳಿದ ಒಂದು ಬದುಕು

ಹನ್ನೆರಡು-ಹದಿಮೂರರ ವಯಸ್ಸಿನ ಚುರುಕು ಮಕ್ಕಳು ಇದನ್ನು ತಾವೇ ಕಂಡುಹಿಡಿಯುತ್ತಾರೆ: ನಾಲ್ಕು ಸುವಾರ್ತೆಗಳು ಎಲ್ಲ ಕಡೆ ಹೊಂದುವುದಿಲ್ಲ. ಮತ್ತಾಯ ಕೊಡುವ ವಂಶಾವಳಿ ಬೇರೆ, ಲೂಕ ಕೊಡುವುದು ಬೇರೆ. ಪುನರುತ್ಥಾನದ ಬೆಳಗ್ಗೆ ಸಮಾಧಿಯ ಬಳಿ ಮಾರ್ಕನ ಬರಹದಲ್ಲಿ ಒಬ್ಬ ಯುವಕ, ಲೂಕನಲ್ಲಿ ಇಬ್ಬರು. ಹೋದ ಹೆಂಗಸರ ಪಟ್ಟಿಯೂ ಒಂದೇ ತೆರನಾಗಿಲ್ಲ.

ಇದನ್ನು ಮುಚ್ಚಿಡಲು ಹೋಗಬೇಡಿ. ಮುಚ್ಚಿಡಬೇಕೆಂಬ ಇಚ್ಛೆ ಆದಿಸಭೆಗೆ ಇದ್ದಿದ್ದರೆ ಸಾಧನ ಕೈಯಲ್ಲೇ ಇತ್ತು. 2ನೇ ಶತಮಾನದಲ್ಲಿ ತಾತಿಯಾನ ಎಂಬಾತ ನಾಲ್ಕನ್ನೂ ಹೆಣೆದು ಒಂದೇ ಕಥನವಾಗಿ ಸಿದ್ಧಪಡಿಸಿದ. ‘ದಿಯಾತೆಸ್ಸರೋನ್’ ಎಂಬ ಆ ಕೃತಿಯನ್ನು ಸಿರಿಯಾದ ಸಭೆಗಳು ಬಹುಕಾಲ ಬಳಸಿದವು ಕೂಡ. ಕೊನೆಗೆ ಸಭೆ ಉಳಿಸಿಕೊಂಡದ್ದು ವ್ಯತ್ಯಾಸಗಳ ಸಮೇತ ನಾಲ್ಕನ್ನೂ. ನಾಲ್ವರೂ ಒಂದಾಗಿ ಹೇಳುವುದೇನೆಂದು ಮಗುವಿನಿಂದಲೇ ಪಟ್ಟಿ ಮಾಡಿಸಿ: ವಾರದ ಮೊದಲ ದಿನ, ಬರಿದಾದ ಸಮಾಧಿ, ಮೊದಲು ಹೋದವರು ಹೆಂಗಸರು, ಅವರಲ್ಲಿ ಮಗ್ದಲದ ಮರಿಯ. ಹೆಂಗಸರ ಸಾಕ್ಷ್ಯಕ್ಕೆ ಹೆಚ್ಚು ಬೆಲೆಯಿಲ್ಲದ ಕಾಲದಲ್ಲಿ, ಕಟ್ಟುಕಥೆ ಹೆಣೆಯುವವರು ಅವರನ್ನೇ ಮೊದಲ ಸಾಕ್ಷಿಗಳಾಗಿ ಆರಿಸಿಕೊಳ್ಳುತ್ತಿದ್ದರೇ ಎಂದು ವಿದ್ವಾಂಸರು ಕೇಳುತ್ತಾರೆ. ಇದರಿಂದ ಪುನರುತ್ಥಾನ ಸಾಬೀತಾಯಿತೆಂದು ಹೇಳಬೇಕಿಲ್ಲ. ವ್ಯತ್ಯಾಸ ಕಂಡ ಕೂಡಲೇ ಇಡೀ ಬರಹ ಸುಳ್ಳೆಂದು ತೀರ್ಮಾನಿಸಬೇಕಾಗಿಲ್ಲ ಎಂಬಷ್ಟು ಮಗುವಿಗೆ ತಿಳಿದರೆ ಸಾಕು.

ಲೂಕ ತನ್ನ ಪುಸ್ತಕದ ಆರಂಭದಲ್ಲಿಯೇ ತನಗಿಂತ ಮೊದಲು ಹಲವರು ಬರೆದಿದ್ದಾರೆಂದೂ ತಾನು ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆಂದೂ ಹೇಳಿಕೊಳ್ಳುತ್ತಾನೆ. ಆ ನಾಲ್ಕು ವಚನಗಳನ್ನು ಮಗುವಿನ ಜೊತೆ ಓದಿ. ಗ್ರಂಥದ ಹಿಂದೆ ವಿಚಾರಣೆ, ಸಂಗ್ರಹ, ಆಯ್ಕೆ ಎಲ್ಲ ನಡೆದಿದೆ ಎಂಬುದು ಗ್ರಂಥದೊಳಗೇ ದಾಖಲಾಗಿದೆ.

ಹಸ್ತಪ್ರತಿಗಳ ವಿಚಾರ ನೀವೇ ಮೊದಲು ಹೇಳಿ

‘ಬೈಬಲನ್ನು ತಿದ್ದಿದ್ದಾರೆ’ ಎಂಬ ಮಾತನ್ನು ಮಕ್ಕಳು ಇಂದಲ್ಲ ನಾಳೆ ಕೇಳುತ್ತಾರೆ. ಈ ವಿಷಯದಲ್ಲಿ ಹೇಳಬಹುದಾದ ಗಟ್ಟಿ ಸಂಗತಿಗಳು ಸಾಕಷ್ಟಿವೆ.

1947ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಹಳೆಯ ಸುರುಳಿಗಳು ಸಿಗಲು ಆರಂಭವಾದವು. ಅವುಗಳಲ್ಲಿ ಯೆಶಾಯನ ಇಡೀ ಗ್ರಂಥದ ಒಂದು ಸುರುಳಿ ಇತ್ತು. ಏಳು ಮೀಟರಿಗಿಂತ ಉದ್ದ, ಕ್ರಿಸ್ತಪೂರ್ವ 2ನೇ ಶತಮಾನದ್ದು. ಅದುವರೆಗೆ ಕೈಯಲ್ಲಿದ್ದ ಪೂರ್ಣ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಹೋಲಿಸಿ ನೋಡಿದಾಗ ಕಾಗುಣಿತದ ಮತ್ತು ಬಿಡಿ ಪದಗಳ ವ್ಯತ್ಯಾಸಗಳು ಬಹಳ ಇದ್ದವು, ಆದರೆ ಗ್ರಂಥ ಅದೇ ಆಗಿತ್ತು. ಆದರೆ ಅದೇ ಗುಹೆಗಳಲ್ಲಿ ಯೆರೆಮೀಯನ ಗ್ರಂಥ ಎರಡು ರೂಪಗಳಲ್ಲಿ ಸಿಕ್ಕಿತು. ಒಂದು ಈಗ ನಾವು ಓದುವುದಕ್ಕೆ ಹತ್ತಿರ, ಇನ್ನೊಂದು ಅದಕ್ಕಿಂತ ಚಿಕ್ಕದು. ಮೊದಲನೆಯ ಸಂಗತಿಯನ್ನು ಸಂಭ್ರಮದಿಂದ ಹೇಳಿ ಎರಡನೆಯದನ್ನು ನುಂಗಿಬಿಡಬಾರದು.

ಹೊಸ ಒಡಂಬಡಿಕೆಯ ಅತಿ ಹಳೆಯ ತುಣುಕುಗಳಲ್ಲೊಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದೆ. ಯೋಹಾನನ ಸುವಾರ್ತೆಯ ಕೆಲವು ಸಾಲುಗಳಿರುವ, ಅಂಗೈಯಗಲದ ಪಪೈರಸ್ ಚೂರು ಅದು. ಸಾಮಾನ್ಯವಾಗಿ 2ನೇ ಶತಮಾನದ್ದೆಂದು ಗುರುತಿಸುತ್ತಾರೆ. 4ನೇ ಶತಮಾನದ ವ್ಯಾಟಿಕನಸ್ ಮತ್ತು ಸಿನೈಟಿಕಸ್ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ ಹದಿನಾರನೆಯ ಅಧ್ಯಾಯದ ಎಂಟನೆಯ ವಚನಕ್ಕೇ ನಿಲ್ಲುತ್ತದೆ. ವ್ಯಭಿಚಾರದಲ್ಲಿ ಹಿಡಿಯಲ್ಪಟ್ಟ ಹೆಂಗಸಿನ ಪ್ರಸಂಗ ಯೋಹಾನನ ಅತಿ ಹಳೆಯ ಪ್ರತಿಗಳಲ್ಲಿಲ್ಲ. ಇವನ್ನು ಹೊರಗೆಡವಿದವರು ಬೈಬಲಿನ ವೈರಿಗಳೇನಲ್ಲ. ಇಂದಿನ ಅನೇಕ ಅನುವಾದಗಳು ಆ ಭಾಗಗಳನ್ನು ಕಂಸದೊಳಗಿಟ್ಟು ಅಥವಾ ಅಡಿಟಿಪ್ಪಣಿ ಹಾಕಿ ಓದುಗರಿಗೆ ತಾವೇ ತಿಳಿಸುತ್ತವೆ.

ಮಗುವಿಗೆ ಹೇಳಬೇಕಾದ್ದು ಹೀಗೆ: ‘ಕೈಯಿಂದ ನಕಲು ಮಾಡುವ ಕಾಲದಲ್ಲಿ ತಪ್ಪುಗಳೂ ಸೇರ್ಪಡೆಗಳೂ ಆಗಿವೆ. ಪ್ರತಿಗಳು ಬಹಳ ಇರೋದರಿಂದ ಒಂದನ್ನೊಂದು ಹೋಲಿಸಿ ಅವನ್ನು ಪತ್ತೆ ಮಾಡಬಹುದು. ಹಾಗೆ ಪತ್ತೆಯಾದದ್ದನ್ನು ಯಾರೂ ಬಚ್ಚಿಟ್ಟಿಲ್ಲ.’ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಇಂದಿರುವಂತೆಯೇ ಮೊದಲು ಕಾಣಿಸಿಕೊಳ್ಳುವುದು ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಪತ್ರದಲ್ಲಿ. ಅದಕ್ಕೂ ಹಿಂದೆ ಕೆಲವು ಪುಸ್ತಕಗಳ ಬಗ್ಗೆ ಚರ್ಚೆಯಿತ್ತು. ದೇವರ ಮಾತು ಮನುಷ್ಯರ ಕೈಗಳ ಮೂಲಕವೇ ಬಂತು ಎಂಬುದು ಕ್ರೈಸ್ತರಿಗೆ ಮುಜುಗರದ ವಿಷಯವಾಗಬೇಕಿಲ್ಲ. ವಾಕ್ಯವೇ ಮನುಷ್ಯನಾಗಿ ಬಂತು ಎಂದು ನಂಬುವವರು ನಾವು.

ಉತ್ಖನನ ಹೇಳುವುದು, ಫಾರ್ವರ್ಡ್ ಹೇಳುವುದು

ನಾಸಾದ ಕಂಪ್ಯೂಟರ್ ಯೆಹೋಶುವನ ಕಾಲದ ‘ಕಳೆದುಹೋದ ದಿನ’ವನ್ನು ಪತ್ತೆ ಮಾಡಿತು, ಕೆಂಪು ಸಮುದ್ರದ ತಳದಲ್ಲಿ ಫರೋಹನ ರಥದ ಗಾಲಿಗಳು ಸಿಕ್ಕಿವೆ, ಅರಾರಾತ್ ಬೆಟ್ಟದಲ್ಲಿ ನೋಹನ ನಾವೆ ಕಂಡಿದೆ. ಇಂಥ ಸಂದೇಶಗಳು ಕ್ರೈಸ್ತ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ನಾಸಾದ ಕಥೆ ವಾಟ್ಸ್‌ಆ್ಯಪ್ ಹುಟ್ಟುವುದಕ್ಕೂ ದಶಕಗಳ ಹಿಂದಿನ ಕಟ್ಟುಕಥೆ. ಉಳಿದೆರಡಕ್ಕೂ ಪುರಾತತ್ತ್ವಜ್ಞರು ಒಪ್ಪುವ ಆಧಾರವಿಲ್ಲ. ನಂಬಿಕೆಯ ಪರವಾಗಿ ಹೇಳಿದ ಸುಳ್ಳು ಹೊರಬಿದ್ದಾಗ ಮಗುವಿನ ಕಣ್ಣಲ್ಲಿ ಅದರ ಜೊತೆಗಿದ್ದ ನಿಜವೂ ಬೀಳುತ್ತದೆ. ಮನೆಯ ಹಿರಿಯರು ಇಂಥದ್ದನ್ನು ಕಳಿಸಿದರೆ ಮಗುವಿನ ಜೊತೆಗೇ ಕೂತು ಪರಿಶೀಲಿಸಿ, ಸುಳ್ಳಾದರೆ ಸುಳ್ಳೆಂದು ಹೇಳಿ.

ಹೇಳಬಹುದಾದ ನಿಜಗಳಿಗೆ ಕೊರತೆಯಿಲ್ಲ. ಉತ್ತರ ಇಸ್ರೇಲಿನ ತೇಲ್ ದಾನ್‌ನಲ್ಲಿ 1993ರಲ್ಲಿ ಸಿಕ್ಕ, ಕ್ರಿಸ್ತಪೂರ್ವ 9ನೇ ಶತಮಾನದ ಅರಾಮಿಕ್ ಶಾಸನದಲ್ಲಿ ‘ದಾವೀದನ ಮನೆತನ’ದ ಉಲ್ಲೇಖವಿದೆ ಎಂದು ಹೆಚ್ಚಿನ ವಿದ್ವಾಂಸರು ಓದುತ್ತಾರೆ. 1961ರಲ್ಲಿ ಕೈಸರೈಯದಲ್ಲಿ ಪಿಲಾತನ ಹೆಸರು ಕೆತ್ತಿದ ಕಲ್ಲು ಸಿಕ್ಕಿತು. ಕ್ರೈಸ್ತರನ್ನು ಕಂಡರೆ ಆಗದ ರೋಮನ್ ಇತಿಹಾಸಕಾರ ತಾಸಿತಸ್, ಪಿಲಾತನ ಆಡಳಿತದಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತೆಂದು 2ನೇ ಶತಮಾನದ ಆರಂಭದಲ್ಲಿ ಬರೆದಿದ್ದಾನೆ.

ಇನ್ನೊಂದು ಬದಿಯನ್ನೂ ಹೇಳಿ. 1950ರ ದಶಕದಲ್ಲಿ ಯೆರಿಕೋವನ್ನು ಅಗೆದ ಕ್ಯಾಥ್ಲೀನ್ ಕೆನ್ಯನ್, ಯೆಹೋಶುವನದೆಂದು ಸಾಮಾನ್ಯವಾಗಿ ಹೇಳಲಾಗುವ ಕಾಲಕ್ಕಿಂತ ಬಹಳ ಮೊದಲೇ ಆ ಗೋಡೆಯ ಊರು ನಾಶವಾಗಿತ್ತು ಎಂಬ ತೀರ್ಮಾನಕ್ಕೆ ಬಂದರು. ಐಗುಪ್ತದಿಂದ ಇಸ್ರಾಯೇಲರು ಹೊರಟುಬಂದದ್ದಕ್ಕೆ ನೇರವಾದ ಪುರಾತತ್ತ್ವ ಸಾಕ್ಷ್ಯ ಸಿಕ್ಕಿಲ್ಲ. ಈ ಪ್ರಶ್ನೆಗಳಿಗೆ ನಂಬುವ ವಿದ್ವಾಂಸರೂ ಬೇರೆ ಬೇರೆ ಉತ್ತರ ಕೊಡುತ್ತಾರೆ. ಪ್ರೌಢಶಾಲೆಯ ಮಗುವಿಗೆ ಎರಡು ಬದಿಯನ್ನೂ ತಾಳಿಕೊಳ್ಳುವ ಶಕ್ತಿ ಇರುತ್ತದೆ. ಶಾಸನ ರಾಜನ ಹೆಸರನ್ನು ಖಚಿತಪಡಿಸಬಲ್ಲದು. ದೇವರು ಅವನೊಂದಿಗೆ ಮಾತಾಡಿದನೇ ಎಂಬುದಕ್ಕೆ ಯಾವ ಕಲ್ಲೂ ಸಾಕ್ಷಿ ನುಡಿಯಲಾರದು.

ಗೆಳೆಯರ ನಂಬಿಕೆಯ ಮುಂದೆ

‘ಎಲ್ಲಾ ಒಂದೇ’ ಎಂಬ ಉತ್ತರ ಸೌಮ್ಯವಾಗಿ ಕೇಳಿಸುತ್ತದೆ, ಆದರೆ ಮಗುವಿನ ಮುಸ್ಲಿಂ ಗೆಳೆಯ ಅದನ್ನು ಒಪ್ಪುವುದಿಲ್ಲ. ಕುರಾನ್ ಈಸಾ ಮತ್ತು ಮರಿಯಮ್ಮನನ್ನು ಗೌರವದಿಂದ ಕಾಣುತ್ತದೆ, ಮರಿಯಮ್ಮನ ಹೆಸರಿನಲ್ಲಿಯೇ ಒಂದು ಸೂರಾ ಇದೆ. ಆದರೆ ಈಸಾ ಶಿಲುಬೆಯ ಮೇಲೆ ಸಾಯಲಿಲ್ಲ ಎಂಬುದು ಮುಸ್ಲಿಮರ ನಂಬಿಕೆ. ಸತ್ತನು ಎಂಬುದು ನಮ್ಮ ನಂಬಿಕೆಯ ನಡುಮನೆ. ಕರ್ಮ ಮತ್ತು ಪುನರ್ಜನ್ಮ ಹೇಳುವುದೂ ಪುನರುತ್ಥಾನ ಹೇಳುವುದೂ ಬೇರೆ ಬೇರೆ. ಹಳೆ ಒಡಂಬಡಿಕೆಯನ್ನು ನಮ್ಮೊಂದಿಗೆ ಹಂಚಿಕೊಂಡಿರುವ ಯೆಹೂದ್ಯರು ಅದನ್ನು ಯೇಸುವಿನ ಕಡೆಗೆ ತಿರುಗಿಸಿ ಓದುವುದಿಲ್ಲ. ವ್ಯತ್ಯಾಸವಿದೆ ಎಂದು ಒಪ್ಪಿಕೊಳ್ಳುವುದು ಅಗೌರವವಾಗುವುದಿಲ್ಲ. ಗೆಳೆಯ ಏನು ನಂಬುತ್ತಾನೆಂದು ಕಿವಿಗೊಟ್ಟು ಕೇಳದೆ ‘ನಿಂದೂ ನಂದೂ ಒಂದೇ ಬಿಡು’ ಎನ್ನುವುದು ಹೆಚ್ಚು ಅಸಡ್ಡೆಯ ಮಾತು.

ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ಅವನ ಧರ್ಮವನ್ನು ವಿವರಿಸುವಾಗಲೂ ಅನ್ವಯಿಸುತ್ತದೆ ಎಂದು ಮಕ್ಕಳಿಗೆ ಕಲಿಸಬೇಕು. ಹಿಂದೂಗಳ, ಲಿಂಗಾಯತರ, ಮುಸ್ಲಿಮರ ನಂಬಿಕೆ ತಿಳಿಯಬೇಕೆಂದರೆ ಅವರನ್ನು ಹಳಿಯುವ ವಿಡಿಯೊ ನೋಡಬಾರದು. ಆ ಮನೆಯ ಹಿರಿಯರನ್ನು ಕೇಳಬೇಕು. ‘ನಮ್ಮ ಬಗ್ಗೆ ಬೇರೆಯವರು ಹೀಗೆ ಮಾತಾಡಿದ್ರೆ ಸರಿ ಅನ್ಸುತ್ತಾ?’ ಎಂಬ ಒಂದು ಪ್ರಶ್ನೆ ಸಾಕು, ಮಕ್ಕಳು ಬೇಗ ಹಿಡಿದುಕೊಳ್ಳುತ್ತಾರೆ.

ಬೈಬಲಿನಲ್ಲಿಯೇ ಹೊರಗಿನವರ ದೊಡ್ಡ ಸಾಲು ಇದೆ. ಅಬ್ರಹಾಮನನ್ನು ಆಶೀರ್ವದಿಸಿದ ಮೆಲ್ಕಿಜೆದೇಕ, ದಾವೀದನ ಮುತ್ತಜ್ಜಿಯಾದ ಮೋವಾಬಿನ ರೂತ್, ಯೆಶಾಯನ ಗ್ರಂಥ ದೇವರ ಅಭಿಷಿಕ್ತನೆಂದು ಕರೆಯುವ ಪಾರಸಿಯ ರಾಜ ಕೋರೆಷ, ಇಸ್ರಾಯೇಲಿನಲ್ಲಿಯೂ ಇಂಥ ನಂಬಿಕೆ ಕಾಣಲಿಲ್ಲವೆಂದು ಯೇಸುವೇ ಬೆರಗಾದ ರೋಮಿನ ಶತಾಧಿಪತಿ. ಪೌಲ ಅಥೆನ್ಸಿನಲ್ಲಿ ಮಾತಾಡುವಾಗ ಅಲ್ಲಿನವರ ಬಲಿಪೀಠವೊಂದರಿಂದ ಮಾತು ಶುರುಮಾಡಿ, ಗ್ರೀಕ್ ಕವಿಗಳ ಮಾತನ್ನೇ ಎತ್ತಿಕೊಳ್ಳುತ್ತಾನೆ. ಆಮೇಲೆ ತಾನು ನಂಬಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಕೇಳಿದವರಲ್ಲಿ ಕೆಲವರು ನಗುತ್ತಾರೆ, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಎನ್ನುತ್ತಾರೆ, ಕೆಲವರು ನಂಬುತ್ತಾರೆ. ಪೌಲ ಯಾರ ಮೇಲೂ ಸಿಟ್ಟಾಗದೆ ಅಲ್ಲಿಂದ ಹೊರಡುತ್ತಾನೆ.

‘ನನ್ನ ಗೆಳತಿ ನರಕಕ್ಕೆ ಹೋಗ್ತಾಳಾ?’ ಎಂಬುದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಸಭೆಗಳು ಇದಕ್ಕೆ ಒಂದೇ ಉತ್ತರ ಕೊಡುವುದಿಲ್ಲ. ಕ್ರಿಸ್ತನನ್ನು ಅರಿತು ನಂಬಿದವರಿಗೆ ಮಾತ್ರ ರಕ್ಷಣೆ ಎಂದು ಕೆಲವು ಸಭೆಗಳು ಬೋಧಿಸುತ್ತವೆ. ತನ್ನ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ, ದೇವರನ್ನು ಪ್ರಾಮಾಣಿಕವಾಗಿ ಅರಸುತ್ತ ಮನಸ್ಸಾಕ್ಷಿಯಂತೆ ನಡೆಯುವವರೂ ರಕ್ಷಣೆ ಹೊಂದಬಹುದೆಂದು ಎರಡನೆಯ ವ್ಯಾಟಿಕನ್ ಸಮ್ಮೇಳನ 1964ರಲ್ಲಿ ಹೇಳಿತು. ಇತರ ಧರ್ಮಗಳಲ್ಲಿರುವ ಸತ್ಯವನ್ನೂ ಪವಿತ್ರವನ್ನೂ ಕಥೋಲಿಕ ಸಭೆ ತಿರಸ್ಕರಿಸುವುದಿಲ್ಲ ಎಂದು ಮರುವರ್ಷ ಅದೇ ಸಮ್ಮೇಳನ ಘೋಷಿಸಿತು. ಪ್ರೊಟೆಸ್ಟೆಂಟರಲ್ಲಿ ಈ ಚರ್ಚೆಗೆ ದೊಡ್ಡ ಕೊಡುಗೆ ಕೊಟ್ಟವರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಒಬ್ಬರು. 1970ರ ದಶಕದಲ್ಲಿ ಅವರು ಜಿನೀವಾದಲ್ಲಿ ಚರ್ಚುಗಳ ಜಾಗತಿಕ ಮಂಡಳಿಯ ಅಂತರಧರ್ಮೀಯ ಸಂವಾದ ವಿಭಾಗವನ್ನು ಮುನ್ನಡೆಸಿದರು. ಅವರ ಎಲ್ಲ ನಿಲುವುಗಳನ್ನು ಎಲ್ಲ ಸಭೆಗಳೂ ಒಪ್ಪಿಲ್ಲ.

ನಿಮ್ಮ ಸಭೆಯ ಬೋಧನೆ ಏನೆಂದು ಮಗುವಿಗೆ ಹೇಳಿ. ಜೊತೆಗೆ, ಯಾರ ಬಗೆಗೂ ಕೊನೆಯ ತೀರ್ಪು ಕೊಡುವ ಅಧಿಕಾರ ಮನುಷ್ಯರಿಗಿಲ್ಲ ಎಂಬುದನ್ನು ಎಲ್ಲ ಸಭೆಗಳೂ ಒಪ್ಪುತ್ತವೆ ಎಂದೂ ಹೇಳಿ. ಎಂಟು ವರ್ಷದ ಮಗುವಿಗೆ ಗೆಳತಿಯನ್ನು ‘ಉಳಿಸುವ’ ಹೊರೆ ಹೊರಿಸಬೇಡಿ.

ಓದು ಸರಿಯೇ ಎಂದು ಅಳೆಯುವುದು

ಗ್ರಂಥ ಸತ್ಯವಾಗಿದ್ದರೂ ಓದುವವರು ತಪ್ಪಬಹುದು. ಅಮೆರಿಕದ ದಕ್ಷಿಣ ರಾಜ್ಯಗಳ ಬೋಧಕರು ಗುಲಾಮಗಿರಿಯನ್ನು ಬೈಬಲ್ ವಚನಗಳಿಂದಲೇ ಸಮರ್ಥಿಸಿದರು. ಅದನ್ನು ತೊಲಗಿಸಲು ಹೋರಾಡಿದವರು ಎತ್ತಿ ಹಿಡಿದದ್ದೂ ಅದೇ ಬೈಬಲನ್ನು. ಕ್ರಿಸ್ತನಲ್ಲಿ ಭೇದವಿಲ್ಲವೆಂದು ಪೌಲ ಗಲಾತ್ಯದವರಿಗೆ ಬರೆದ ಪತ್ರವನ್ನು ಓದುತ್ತಲೇ ದಕ್ಷಿಣ ಭಾರತದ ಕೆಲವು ಸಭೆಗಳು ಜಾತಿಗೊಂದು ಸಾಲು, ಜಾತಿಗೊಂದು ಸಮಾಧಿಭೂಮಿ ಇಟ್ಟುಕೊಂಡವು. ಹದಿಹರೆಯದವರಿಗೆ ಈ ಚರಿತ್ರೆ ಗೊತ್ತಿರಬೇಕು.

ಹಾಗಾದರೆ ಅಳತೆಗೋಲು ಯಾವುದು? ಮೂರನ್ನು ಮನೆಯಲ್ಲಿಯೇ ಬಳಸಬಹುದು. ಒಂದು, ವಚನವನ್ನು ಒಂಟಿಯಾಗಿ ಕಿತ್ತು ಓದದೆ ಇಡೀ ಅಧ್ಯಾಯ ಓದಿ, ಯಾರು ಯಾರಿಗೆ ಹೇಳಿದ್ದು ಎಂದು ನೋಡುವುದು. ಎರಡು, ಆ ಓದು ಯೇಸುವಿನ ಬದುಕಿಗೂ ಬೋಧನೆಗೂ ಹೊಂದುತ್ತದೆಯೇ ಎಂದು ಕೇಳುವುದು. ಮೂರು, ಅದು ನಮ್ಮಲ್ಲಿ ಯಾವ ಫಲ ಕೊಡುತ್ತಿದೆ ಎಂದು ಗಮನಿಸುವುದು. ದೇವರ ಮೇಲಿನ ಮತ್ತು ನೆರೆಯವರ ಮೇಲಿನ ಪ್ರೀತಿಯನ್ನು ಬೆಳೆಸದ ಓದು ಗ್ರಂಥವನ್ನು ಇನ್ನೂ ಅರಿತಿಲ್ಲ ಎಂಬುದು ಅಗಸ್ಟಿನರ ಅಭಿಪ್ರಾಯವೂ ಆಗಿತ್ತು. ಇನ್ನೊಬ್ಬರನ್ನು ಕೀಳಾಗಿ ಕಾಣಲು ಒಂದು ವಚನ ಅನುಕೂಲವಾಗಿ ಒದಗಿಬಂದರೆ, ಅಲ್ಲಿ ನಿಂತು ಎರಡನೆಯ ಸಲ ಓದಬೇಕು.

ವಯಸ್ಸಿಗೆ ತಕ್ಕ ಮಾತು

ಏಳು ವರ್ಷದೊಳಗಿನ ಮಕ್ಕಳಿಗೆ ವಾದ ಬೇಡ, ಕಥೆ ಬೇಕು. ಭಯ ಹುಟ್ಟಿಸುವ ಪ್ರಸಂಗಗಳನ್ನು ಸದ್ಯಕ್ಕೆ ಬದಿಗಿಡಿ. ‘ಅವರ ಮನೇಲಿ ದೀಪ ಯಾಕೆ ಹಚ್ತಾರೆ?’ ಎಂದರೆ ಗೊತ್ತಿದ್ದಷ್ಟು ಗೌರವದಿಂದ ಹೇಳಿ, ‘ನಾವು ಹೀಗೆ ಪ್ರಾರ್ಥಿಸ್ತೀವಿ’ ಎಂದು ಸೇರಿಸಿದರೆ ಸಾಕು.

ಎಂಟರಿಂದ ಹನ್ನೆರಡರವರಿಗೆ ಬರಹದ ಬಗೆಗಳನ್ನು ಪರಿಚಯಿಸಿ. ಒಂದು ಭಾಗ ಓದಿದ ಮೇಲೆ ‘ಇದು ಕಥೆಯಾ, ಹಾಡಾ, ಕಾಗದಾನಾ? ಯಾರು ಯಾರಿಗೆ ಹೇಳಿದ್ದು? ನಿನಗೆ ಏನು ಅರ್ಥ ಆಗ್ಲಿಲ್ಲ?’ ಎಂದು ಕೇಳಿ. ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ಅರ್ಥವಾಗದ್ದನ್ನು ಹೇಳಿಕೊಳ್ಳಬಹುದು ಎಂಬ ಅಭ್ಯಾಸ ಈ ವಯಸ್ಸಿನಲ್ಲಿ ಬಿದ್ದರೆ ಮುಂದೆ ಉಳಿಯುತ್ತದೆ.

ಹದಿಮೂರರ ಮೇಲಿನವರ ಜೊತೆ ಹಸ್ತಪ್ರತಿ, ಉತ್ಖನನ, ಇತರ ಧರ್ಮಗಳ ವಿಚಾರ ತೆರೆದು ಮಾತಾಡಿ. ನಿಮಗೆ ಗೊತ್ತಿಲ್ಲದ್ದು ಬಂದರೆ ‘ಗೊತ್ತಿಲ್ಲ, ಭಾನುವಾರ ಅಯ್ಯನವರನ್ನ ಕೇಳೋಣ’ ಎನ್ನಿ, ಮರೆಯದೆ ಕೇಳಿ. ಪ್ರಶ್ನೆಗಳಿಗೆ ಸಿಟ್ಟಾಗುವ ಉಪದೇಶಕರಾದರೆ ಇನ್ನೊಬ್ಬರನ್ನು ಹುಡುಕಿ. ಪ್ರತಿ ಸಭೆಯಲ್ಲಿಯೂ ಶಾಂತವಾಗಿ ಕೇಳಿಸಿಕೊಳ್ಳುವ ಒಬ್ಬರಾದರೂ ಇರುತ್ತಾರೆ.

‘ನನಗೆ ನಂಬಿಕೆ ಇಲ್ಲ’ ಎಂದರೆ

ಹದಿನಾರರ ಮಗಳು ಊಟದ ಹೊತ್ತಿಗೆ ‘ನಾನು ಇನ್ನು ಇದನ್ನೆಲ್ಲ ನಂಬಲ್ಲ’ ಎಂದರೆ ಮನೆಯಲ್ಲಿ ಸಿಡಿಲು ಬಡಿದಂತಾಗುತ್ತದೆ. ಆ ಹೊತ್ತಿನಲ್ಲಿ ಮಾಡಬಾರದ ಕೆಲಸಗಳು ಕೆಲವಿವೆ: ಅಳುವುದು, ಅಜ್ಜ-ಅಜ್ಜಿಯರಿಗೆ ಫೋನ್ ಮಾಡುವುದು, ಪ್ರಾರ್ಥನಾ ಕೂಟದಲ್ಲಿ ಅವಳ ಹೆಸರೆತ್ತಿ ಪ್ರಾರ್ಥಿಸುವುದು, ‘ಈ ಮನೇಲಿರೋವರೆಗೂ ಚರ್ಚಿಗೆ ಬರಲೇಬೇಕು’ ಎಂದು ಷರತ್ತು ಹಾಕುವುದು. ಯಾವ ದೇವರನ್ನು ಅವಳು ನಂಬುವುದಿಲ್ಲ ಎಂದು ವಿಚಾರಿಸಿ. ಎಷ್ಟೋ ಸಲ ಮಕ್ಕಳು ತೊರೆಯುವುದು ಯಾರೋ ಹೆದರಿಸಲು ಬಳಸಿದ ದೇವರ ಚಿತ್ರವನ್ನು. ಅಂಥ ದೇವರನ್ನು ನೀವೂ ನಂಬದಿರಬಹುದು. ಅದನ್ನು ಅವಳಿಗೆ ಹೇಳಿ.

ಶಿಷ್ಯರಲ್ಲಿ ತೋಮ ಉಳಿದವರ ಮಾತನ್ನು ನಂಬಲಿಲ್ಲ. ಯಾರೂ ಅವನನ್ನು ಗುಂಪಿನಿಂದ ಹೊರಹಾಕಲಿಲ್ಲ. ಎಂಟು ದಿನದ ನಂತರವೂ ಅವನು ಅದೇ ಕೋಣೆಯಲ್ಲಿ ಅವರ ಜೊತೆಗಿದ್ದ, ಯೇಸು ಅವನಿಗೆ ಕಾಣಿಸಿಕೊಂಡದ್ದೂ ಅಲ್ಲಿಯೇ. ಸಂದೇಹಿಯೂ ಊಟಕ್ಕೆ ಕೂರುವ ಮನೆ ನಿಮ್ಮದಾಗಿರಲಿ. ನಂಬಿಕೆಯನ್ನು ತಂದೆತಾಯಿ ಮಕ್ಕಳೊಳಗೆ ತುರುಕಲಾರರು. ಗ್ರಂಥದ ಬಗ್ಗೆ ನಿಜ ಹೇಳುವುದು, ಬೇರೆಯವರ ಬಗ್ಗೆ ನಿಜ ಹೇಳುವುದು, ತಾವು ನಂಬಿದಂತೆ ಬದುಕಲು ಯತ್ನಿಸುವುದು, ಇವಿಷ್ಟು ಅವರ ಕೈಯಲ್ಲಿವೆ.

ಎಲ್ಲಿಂದ ಶುರುಮಾಡುವುದು ಎಂದು ಕೇಳುವವರಿಗೆ ಒಂದು ಸಲಹೆ: ಮಾರ್ಕನ ಸುವಾರ್ತೆ. ನಾಲ್ಕರಲ್ಲಿ ಅತಿ ಚಿಕ್ಕದು, ಹದಿನಾರೇ ಅಧ್ಯಾಯ. ಸಂಜೆಗೊಂದು ಅಧ್ಯಾಯ ಗಟ್ಟಿಯಾಗಿ ಓದಿದರೆ ಮೂರು ವಾರದೊಳಗೆ ಮುಗಿಯುತ್ತದೆ. ಒಂದು ಸಂಜೆ ನೀವು ಓದಿ, ಮರುಸಂಜೆ ಮಗು ಓದಲಿ. ಕಥೋಲಿಕರಾಗಲಿ ಪ್ರೊಟೆಸ್ಟೆಂಟರಾಗಲಿ ನಿಮ್ಮ ಮನೆಯಲ್ಲಿರುವ ಅನುವಾದವೇ ಸಾಕು. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಉತ್ತರ ಸಿಗದ ಪ್ರಶ್ನೆಗಳನ್ನು ಮಗುವಿನ ಕೈಯಲ್ಲೇ ಬರೆಸಿ. ಕೆಲವಕ್ಕೆ ಮುಂದಿನ ಅಧ್ಯಾಯದಲ್ಲಿ ಉತ್ತರ ಸಿಗುತ್ತದೆ, ಕೆಲವನ್ನು ಸಭಾಪಾಲಕರ ಹತ್ತಿರವೋ ಫಾದರ್ ಹತ್ತಿರವೋ ಒಯ್ಯಬೇಕಾಗುತ್ತದೆ, ಕೆಲವು ವರ್ಷಗಟ್ಟಲೆ ಹಾಗೇ ಉಳಿಯುತ್ತವೆ. ಉಳಿದವನ್ನು ಹೊಡೆದುಹಾಕಿಸಬೇಡಿ. ಕಾಲೇಜಿಗೆ ಹೋದ ಮೇಲೆ ಇನ್ನೊಂದು ಧರ್ಮದ ಗೆಳೆಯರ ಜೊತೆ ಕೂತು ಮಾತಾಡುವಾಗ, ತಮ್ಮಲ್ಲಿಯೂ ಪ್ರಶ್ನೆಗಳಿವೆ ಎಂದು ಬಲ್ಲವರೇ ಎದುರಿಗಿರುವವರ ಮಾತನ್ನು ಸಮಾಧಾನದಿಂದ ಕೇಳಬಲ್ಲರು, ತಾವು ನಂಬಿದ್ದನ್ನು ಅಳುಕಿಲ್ಲದೆ ಹೇಳಬಲ್ಲರು.